ನುಣ್ಣನೆಯ ಏಣು

ಕಡತ ತೆರೆದರೆ ಬೆಟ್ಟವಿಲ್ಲ.
ಬರೀ ಗೆರೆ, ಗೆರೆಯೊಳಗೆ ಗೆರೆ,
ಸೋವಿಯತ್ ಕಾಲದ ಹಾಳೆಯಿಂದ ಯಾರೋ ನಕಲು ತೆಗೆದದ್ದು.
ಎಲ್ಲವೂ ಸೊನ್ನೆಯ ಮೇಲೆ ಮಲಗಿವೆ:
ಹದ್ದು ಕೂರುವ ನೆತ್ತಿಯೂ
ಹೊಳೆಯ ಪಾತಳಿಯೂ
ಒಂದೇ ಚಾಪೆಯಲ್ಲಿ.

ಬಿಷ್ಕೆಕ್. ಮೂರನೇ ಮಹಡಿ. ಹೀಟರು ಕೆಮ್ಮುತ್ತದೆ.
ನನ್ನ ಕೆಲಸ ಇಷ್ಟು: ಗೆರೆಯ ಪಕ್ಕದ ಅಂಕಿ ಓದುವುದು,
ಅಷ್ಟೆತ್ತರಕ್ಕೆ ಆ ಗೆರೆಯನ್ನು ಎತ್ತಿ ನಿಲ್ಲಿಸುವುದು.
ಆಮೇಲೆ ಯಂತ್ರವೇ ಗೆರೆಯಿಂದ ಗೆರೆಗೆ ತ್ರಿಕೋನ ಹೊಲಿಯುತ್ತದೆ,
ಅಜ್ಜಿ ಉಣ್ಣೆಯ ಕಂಬಳಿಗೆ ಹಾಕುತ್ತಿದ್ದ ಹೊಲಿಗೆಗಿಂತ ಬೇಗ,
ಅವಳ ಬೈಗುಳ ಒಂದೂ ಇಲ್ಲದೆ.
ಹೊಲಿದದ್ದರ ಮೇಲೆ ಕಾಡುಹೋತವೊಂದು ಓಡಬೇಕು.
ಮಕ್ಕಳ ಸಿನಿಮಾ.

ಮೊದಲ ದಿನ ಕಣಿವೆಯ ನಟ್ಟನಡುವೆ ಸೂಜಿಯೊಂದು ಎದ್ದಿತು.
ಎರಡು ಸಾವಿರದ ಮುನ್ನೂರನ್ನು
ಮೂರು ಸಾವಿರದ ಇನ್ನೂರು ಎಂದು ಓದಿದ್ದೆ.
‘ಇದಕ್ಕೆ ನಿನ್ನ ಹೆಸರೇ ಇರಲಿ, ಜಿಪಾರ್’ ಎಂದ ಎರ್ಮೆಕ್.
ನಕ್ಕು ಅಳಿಸಿದೆ.
ಒಂದು ಪರ್ವತ ಹೋಗುವುದಕ್ಕೆ ಒಂದು ಕೀಲಿ ಸಾಕು.

ತಕರಾರು ಉತ್ತರದ ಏಣಿನದು.
ಬೇರೆ ಕಡೆಯೆಲ್ಲ ಗೆರೆ ತಡವರಿಸುತ್ತದೆ,
ಬಂಡೆಗೆ ತಾಗಿ ಹೊರಳುತ್ತದೆ, ಕೊರಕಲಿಗೆ ಇಳಿದು
ಬೇಡದ ಮನಸ್ಸಿನಿಂದ ಮೇಲೆ ಬರುತ್ತದೆ.
ಇಲ್ಲಿ ಮಾತ್ರ ಬೆಣ್ಣೆ ಸವರಿದಂತಿದೆ.
ದೂರದ ಬೆಟ್ಟ ನುಣ್ಣಗೆ, ಸರಿ,
ಇದು ಎಷ್ಟು ಹಿಗ್ಗಿಸಿ ಹತ್ತಿರ ಹೋದರೂ ನುಣ್ಣಗೆ.
ಹೋತ ಅಲ್ಲಿಗೆ ಬಂದದ್ದೇ
ಸೋಪಿನ ಮೇಲೆ ಕಾಲಿಟ್ಟಂತೆ ತೇಲಿ ಹೋಗುತ್ತದೆ.

ಹಾಳೆಯ ಮೂಲೆಯಲ್ಲಿ ಪುಟ್ಟ ಸಹಿ, ೧೯೭೪.
ಮೂರು ದಿನ ಹುಡುಕಿದ ಮೇಲೆ ನರೀನ್‌ನಿಂದ ಒಂದು ಮುದಿದನಿ:
ಸಗಿನ್‌ಬೆಕ್, ಎಂಬತ್ತಾರು ವರ್ಷ, ಕಿವಿ ಮಂದ.
ಹಾಳೆಯ ಸಂಖ್ಯೆ ಕೂಗಿ ಹೇಳಿದೆ.
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.

‘ನಾಲ್ಕು ದಿನ ಹಿಮ, ಮಗಳೇ.
ಗುಡಾರದ ಬಾಗಿಲು ಬಿಚ್ಚಲಿಲ್ಲ.
ಐದನೇ ದಿನ ಲಾರಿ ಹೊರಡಬೇಕಿತ್ತು.
ಒಂದು ಸಿಗರೇಟು ಸುಡುವಷ್ಟು ಹೊತ್ತು ಮೋಡ ಸರಿಯಿತು,
ಏಣು ಕಂಡಿತು. ಉಳಿದದ್ದನ್ನು
ಚಹಾ ಕುಡಿಯುತ್ತಾ ಎಳೆದೆ.
ಐವತ್ತು ವರ್ಷ ಯಾರೂ ಕೇಳಲಿಲ್ಲ.
ಅಲ್ಲಿ ಏನು ಓಡಿಸುತ್ತೀರಿ?’

ಹೋತ ಎಂದೆ.

‘ಜಾರುತ್ತದೆ’ ಎಂದ. ‘ಗೊರಸು ಊರಲಿಕ್ಕೆ
ಒಂದು ಚೂರು ಕಲ್ಲೂ ನಾನು ಇಟ್ಟಿಲ್ಲ.
ಸೈನ್ಯಕ್ಕೆ ಹೇಳಿದ ಸುಳ್ಳು, ಆಗಿಹೋಯಿತು.
ಮಕ್ಕಳಿಗೆ ಬೇಡ.’

ಫೋನು ಸೊಸೆಯ ಕೈಗೆ ಹೋಯಿತು.
ಬುರುಲ್ಚಾ, ಪ್ರತಿ ಬೇಸಿಗೆ ಆ ಏಣಿನ ಕೆಳಗೇ ಕುರಿ ಮೇಯಿಸುವವಳು.
ಹಿಂದೆ ಯಾವುದೋ ಮಗು ಅಳುತ್ತಿತ್ತು, ಹಾಲು ಉಕ್ಕಿತು,
ನಡುನಡುವೆ ಹೇಳಿದಳು:
ಮೊದಲು ಒಂದು ಸೀಳು, ಮುರಿದ ಹಲ್ಲಿನ ಹಾಗೆ.
ಅದರಾಚೆ ಮೂರು ಮೆಟ್ಟಿಲು, ಮೂರನೆಯದು ಸದಾ ಒದ್ದೆ.
ಆಮೇಲೆ ಕಡಿದು.

ಎಷ್ಟು ಕಡಿದು? ಎಷ್ಟು ಮೀಟರು?

‘ಮೀಟರು ನನಗೆ ಗೊತ್ತಿಲ್ಲಮ್ಮ.
ಕುದುರೆಯಿಂದ ಇಳಿದು
ಲಗಾಮು ಕೈಗೆ ಸುತ್ತಿಕೊಂಡು
ಅದಕ್ಕಿಂತ ಮುಂದೆ ನಾವು ನಡೆಯಬೇಕು, ಅಷ್ಟು.’

ಎತ್ತರದ ಚೌಕದಲ್ಲಿ ಕರ್ಸರು ಮಿಟುಕುತ್ತಿತ್ತು.
ಅಂಕಿ ಬಿಟ್ಟರೆ ಬೇರೇನೂ ಒಳಗೆ ಬಿಡದ ಚೌಕ.
ಹದಿನೇಳು ಎಂದು ಒತ್ತಿದೆ.
ಸುಳ್ಳೇ ಇರಬಹುದು, ಆದರೆ ಈ ಸುಳ್ಳಿಗೆ
ಕಾಲು ಸವೆದಿದೆ.

ತ್ರಿಕೋನಗಳು ಒಡೆದವು, ಮತ್ತೆ ಕೂಡಿದವು.
ಒಂದು ತೂತು ಉಳಿಯಿತು, ಎರ್ಮೆಕ್ ಬೈಯುತ್ತಾ ಮುಚ್ಚಿದ.
ಹೊಸ ಪದರಕ್ಕೆ ಹೆಸರು ಕೊಡು ಎಂದಿತು ಯಂತ್ರ.
‘ಲಗಾಮು’ ಎಂದು ಬರೆದೆ.

ಈಗ ಹೋತ ಓಡೋಡಿ ಅಲ್ಲಿಗೆ ಬರುತ್ತದೆ,
ಮೂರನೆಯ ಮೆಟ್ಟಿಲಲ್ಲಿ ಗೊರಸೆತ್ತಿ
ಒಂದು ಚಣ ಅನುಮಾನಿಸುತ್ತದೆ.