ಎರಡರಿಂದ ಎಂಟು

ಸೂರ್ಲಬ್ಬಿಯ ತಿರುವಿನಲ್ಲಿ ಇಳಿಸಿ ಜೀಪಿನ ಚಿಟ್ಟಿಯಪ್ಪ
“ಸಿಸ್ಟರ್, ಇವತ್ತು ಭಾನುವಾರ. ಮೇಲೆ ಯಾವ ಕೂಸೂ ಇಲ್ಲ” ಎಂದ.
ಗೊತ್ತು ಎಂದೆ.
ಬೆನ್ನಿಗೆ ಚೀಲ, ಚೀಲದ ಮೇಲೆ ಟೆಂಟು,
ಜೇಬಿನಲ್ಲಿ ಲಸಿಕೆ ಪೆಟ್ಟಿಗೆಯಿಂದ
ಯಾರಿಗೂ ಹೇಳದೆ ತಂದ ಥರ್ಮಾಮೀಟರು.

ಮಲಗುಚೀಲ ಬೈಲುಕುಪ್ಪೆಯದು.
ಮೈನಸ್ ಹತ್ತಕ್ಕೂ ತಡೆಯುತ್ತೆ ಅಂದಿದ್ದಳು ಅಂಗಡಿಯ ದೋಲ್ಮಾ,
ಆಮೇಲೆ ನನ್ನನ್ನೂ ಹೊರಗಿನ ಬಿಸಿಲನ್ನೂ ನೋಡಿ
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು.

ಕಾಡು ಮುಗಿದು ಬೋಳು ಹುಲ್ಲು ಶುರುವಾಗುವಲ್ಲಿ
ಗೂಟ ಹೊಡೆದೆ. ಕಲ್ಲು ಸಿಕ್ಕಿತು.
ಎರಡು ಮೊಳ ಸರಿದು ಮತ್ತೆ ಹೊಡೆದೆ.
ಬೆಂಕಿ ಹಾಕಲಿಲ್ಲ; ಜನವರಿಯ ಹುಲ್ಲು
ಬೆಂಕಿಪೊಟ್ಟಣ ಅಲ್ಲಾಡಿಸಿದ ಸದ್ದಿಗೇ ಹೊತ್ತಿಕೊಂಡೀತು.
ಫ್ಲಾಸ್ಕಿನ ಗಂಜಿ, ತಣ್ಣಗಾದ ಎರಡು ಕಡಂಬುಟ್ಟು.

ಏಳು ಗಂಟೆಗೆ ಹನ್ನೊಂದು.
ಹತ್ತಕ್ಕೆ ಎಂಟು.
ಸರಿ, ಈಗ ಒಳಗೆ ಬಂದೆ ಅಂದುಕೊಂಡೆ:
ಇಪ್ಪತ್ತೆರಡು ವರ್ಷ ಹೆಗಲು ಜಗ್ಗಿದ ನೀಲಿ ಪೆಟ್ಟಿಗೆಯಲ್ಲಿ
ಬಾಟಲಿಗಳ ಪಕ್ಕ ಇನ್ನೊಂದು ಬಾಟಲಿ.
ಎರಡರಿಂದ ಎಂಟು.
ಮೇಲೆ ಹೋದರೂ ಕೆಡುತ್ತದೆ, ಕೆಳಗಿಳಿದರೂ ಕೆಡುತ್ತದೆ.

ಒಂದೂವರೆಗೆ ಆರು. ಕಾಲ್ಬೆರಳು ಯಾರದೋ.
ನನ್ನ ಉಸಿರೇ ಟೆಂಟಿನ ನೆತ್ತಿಗೆ ಹತ್ತಿ ಹನಿಯಾಗಿ
ನನ್ನ ಹಣೆಗೇ ಬಿತ್ತು.
ಟಾರ್ಚಿನ ಸೆಲ್ಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು
ಕೋಳಿ ಮೊಟ್ಟೆಗೆ ಕೂತ ಹಾಗೆ ಕೂತೆ.
ಮೂರಕ್ಕೆ ಹೊರಗೆ ಹೋಗಲೇಬೇಕಾಯಿತು, ಬೇರೆ ದಾರಿಯಿರಲಿಲ್ಲ.
ಇಳಿಜಾರಿನಲ್ಲಿ ಕಾಟಿಯೊಂದು ಬುಸ್ ಎಂದಿತು.
ಸೆರಗು, ಸ್ವೆಟರು, ಮಾನ ಎಲ್ಲ ಎತ್ತಿ ಹಿಡಿದು
ಅಷ್ಟು ನಕ್ಷತ್ರಗಳ ಕೆಳಗೆ ಕುಕ್ಕರಿಸಿದವಳು
ನಾನೊಬ್ಬಳೇ ಇರಬೇಕು ಆ ಹೊತ್ತಿಗೆ.

ಐದು.

ಐಸ್ ಪ್ಯಾಕು ಬೆವರುವ ತನಕ ಕಾಯಬೇಕು.
ಫ್ರೀಜರಿನಿಂದ ತೆಗೆದು ಮೇಜಿನ ಮೇಲಿಟ್ಟು,
ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು.
ಆಮೇಲೆ ಪೆಟ್ಟಿಗೆಗೆ.
ಹದಿನಾರು ವರ್ಷದ ಹಿಂದೆ ಒಂದು ಆಷಾಢ,
ಸೇತುವೆ ಮೇಲೆ ನೀರು, ನನಗೆ ಅವಸರ, ಕಾಯಲಿಲ್ಲ.
ಮುತ್ತಕ್ಕಿ ಕೊಡೆಯೊಳಗೆ ಕೂಸನ್ನು ಮುಚ್ಚಿಕೊಂಡು
ನಾಲ್ಕು ಮೈಲಿ ನಡೆದು ಬಂದಿದ್ದಳು.
ಬಾಟಲಿ ಮುಟ್ಟಿದೆ. ಬೆರಳಿಗೆ ಅನುಮಾನ ಬಂತು.
ಕುಲುಕಿ ಅರ್ಧ ಗಂಟೆ ಇಟ್ಟು ನೋಡಬೇಕು:
ಹೆಪ್ಪುಗಟ್ಟಿ ಕರಗಿದ್ದಾದರೆ ತಳಕ್ಕೆ ಬೇಗ ಚೂರು ಕೂರುತ್ತದೆ.
ಅವಳ ಹತ್ತಿರ ಅರ್ಧ ಗಂಟೆ ಇರಲಿಲ್ಲ.
ಇತ್ತೇನೋ. ನಾನು ಕೇಳಲಿಲ್ಲ.
ಚುಚ್ಚಿದೆ. ಕಾರ್ಡಿನಲ್ಲಿ ತಾರೀಖು ಬರೆದೆ.
ಕೂಸು ಅತ್ತಿತು, ಎಲ್ಲ ಕೂಸುಗಳ ಹಾಗೆ.

ನಾಲ್ಕು.
ಆಗ ಶುರುವಾಯಿತು ನಡುಕ. ದವಡೆಯಿಂದ ಮಂಡಿಯವರೆಗೆ
ಯಾರೋ ನನ್ನನ್ನು ಹಿಡಿದು ಕುಲುಕಿದ ಹಾಗೆ.
ಕುಲುಕಲಿ ಅಂತ ಬಿಟ್ಟೆ.
ಗಡಿಯಾರ ನೋಡುತ್ತ ಕೂತೆ, ಈ ಸಲ ಪೂರ್ತಿ ಅರ್ಧ ಗಂಟೆ.

ನಾಲ್ಕಕ್ಕಿಂತ ಕೆಳಗೆ ಇಳಿಯಲಿಲ್ಲ.
ಕೊಡಗಿನ ಚಳಿ ಅಷ್ಟೇ.
ಕೆಡಿಸುವಷ್ಟಿಲ್ಲ, ಮಲಗಲು ಬಿಡುವಷ್ಟೂ ಇಲ್ಲ.

ಬೆಳಿಗ್ಗೆ ಇಳಿದರೆ ಮುತ್ತಕ್ಕಿಯ ಕಣ.
ಮಗಳು ದೇಚಕ್ಕ ರಾಶಿ ಕಾಫಿಹಣ್ಣನ್ನು ಬರಿಗಾಲಲ್ಲಿ ಹರಡುತ್ತಿದ್ದಳು.
“ಇಷ್ಟು ಬೆಳಿಗ್ಗೆ ಎಲ್ಲಿಂದ ಸಿಸ್ಟರ್? ತುಟಿಯೆಲ್ಲ ನೀಲಿ!”
ಒಳಗೆ ಓಡಿ ಬೆಲ್ಲದ ಕಾಫಿ ತಂದಳು.
ಒಲೆಯ ಹೊಗೆಗೆ ಎರಡು ಸಲ ಕೆಮ್ಮಿದಳು.
ಹೊಗೆಗೇ.

ಲೋಟ ಎರಡೂ ಕೈಯಲ್ಲಿ ಹಿಡಿದೆ.
“ಕೂರು ಮಗಳೇ, ಅರ್ಧ ಗಂಟೆ ಕೂರು” ಎಂದೆ.
ಯಾಕೆ ಎಂದು ನಕ್ಕಳು, ಕೂತಳು.
ಲೋಟದ ತಳಕ್ಕೆ ಗಸಿ ಇಳಿಯುತ್ತಿತ್ತು.
ನಾನಿನ್ನೂ ಬಾಯಿ ತೆರೆದಿರಲಿಲ್ಲ.