ಒಳಗ ತಂದೀ?

ಕುಮಟಾ ಸ್ಟ್ಯಾಂಡಿನ್ಯಾಗ ನಡುರಾತ್ರಿ ಗಾಡಿ ನಿಂತಾಗ
ಯಾರದೋ ಬೇಲಿಗಿ ಕೈ ಹಾಕಿ
ಲಟಕ್ಕನ ಮುರಕೊಂಡು, ಹಸಿ ಪೇಪರಿನ್ಯಾಗ ಸುತ್ತಿ,
ಸ್ಟೇರಿಂಗ್ ಬಾಜೂಕ ಇಟಕೊಂಡು ಬೀದರಿನ ತನಕ ತಂದ
ನನ್ನ ಗಂಡ ಝರೆಪ್ಪ.
ಸೀರಿ ತರ್ತಾನಂತ ಮಾಡಿದ್ದೆ. ಕಡ್ಡಿ ತಂದ.
ದಾಸವಾಳ, ಅಂದ.
ಯಾವ ಬಣ್ಣ? ಅಂದೆ.
ಕತ್ತಲಿತ್ತು, ಅಂದ.

ಬಣ್ಣದವರು ಒಗದ ಬಕೀಟಿಗಿ ಮೂರು ತೂತು,
ಕೆಂಪ ಮಣ್ಣು, ಒಂದಿಷ್ಟು ನನ್ನ ಇಸ್ತ್ರಿಯ ಬೂದಿ.
ದಸರಾಕ್ಕ ಎರಡೆಲಿ. ದೀಪಾವಳಿಗಿ ಹತ್ತು.
ಆಮ್ಯಾಲ ಥಂಡಿ ಬಂತು.

ನಮ್ಮೂರ ಥಂಡಿ ಕಿಲ್ಲಾದ ಕಡಿಂದ ಬೀಸತದ,
ಪತ್ರಾದ ಸಂದ್ಯಾಗ ತೂರಿ
ರಜಾಯಿ ಒಳಗ ಯಾರದರಂತ ಹುಡುಕ್ಯಾಡತದ.
ಸೀಸೆದಾಗಿನ ಕೊಬ್ಬರಿ ಎಣ್ಣಿ ಕಲ್ಲ ಆಗತದ.
ಸಮುದ್ರದ ಮಗ್ಗಲದಾಗ ಹುಟ್ಟಿದ್ದು, ಪಾಪ,
ಬೆವರು ಬಿಟ್ಟರ ಅದಕ್ಕೇನು ಗೊತ್ತು.

ರಾತ್ರಿ ಹತ್ತಕ್ಕ ಡ್ಯೂಟಿ ಮ್ಯಾಲಿಂದ ಫೋನ್ ಮಾಡತಾನ.
ಉಂಡೀ ಅನ್ನಂಗಿಲ್ಲ, ಹುಡುಗುರು ಮಲಗ್ಯಾವೇನು ಅನ್ನಂಗಿಲ್ಲ,
ಮೊದಲನೇ ಮಾತು: ಒಳಗ ತಂದೀ?
ತಂದೀನಿ.
ಹತ್ತು ಕಿಲೋ ಬಕೀಟು, ನಡಾ ಹಿಡಕೊಂಡು,
ಇಸ್ತ್ರಿ ಟೇಬಲ್ ಕೆಳಗ, ಕೆಂಡ ಆರೋ ಜಾಗಾದಾಗ.
ಮುಂಜಾನಿ ಮತ್ತ ಹೊರಗ,
ಬಿಸಿಲಿನ ತುಣುಕು ಎಲ್ಲಿ ಬೀಳತದ ಅಲ್ಲಿ:
ಒಂಬತ್ತಕ್ಕ ಹೊಸ್ತಿಲಿಗಿ, ಹನ್ನೊಂದಕ್ಕ ಕಟ್ಟಿಗಿ.
ಕೂಸಿದ್ದಂಗದ ನಿನಗ, ಅಂತ ಓಣ್ಯಾನ ಮಂದಿ ನಗತಾರ.
ಕೂಸಾದರ ಅತ್ತು ಕೇಳತದ.
ಇದು ಎಲಿ ಉದುರಸತದ, ಅಷ್ಟ.

ಕೆಂಡದ ಶಾಖಕ್ಕ ಎಲಿ ಅಂಚು ಹಪ್ಪಳಾದವು.
ನೀರು ಹಾಕಿದೆ. ಹಳದಿ ಆದವು.
ಮತ್ತ ಹಾಕಿದೆ. ಮತ್ತ ಹಳದಿ.
ಎಲಿ ಹಿಂದ ಬಿಳಿ ಹುಳ. ಸಾಬೂನಿನ ನೀರಿಲೆ ಒಂದೊಂದ ಎಲಿ ಒರಸಿದೆ,
ಅವನ ಖಾಕಿ ಕಾಲರ್ ತಿಕ್ಕಿದಂಗ.
ನೌಬಾದಿನ ನರ್ಸರ್ಯಾಗ ಕೂಲಿ ಮಾಡೋ ರಜಿಯಾಬಿ,
ಮಗಳ ಲಗ್ನದ ಬಟ್ಟಿ ಇಸ್ತ್ರಿಗಿ ಕೊಡಲಿಕ್ಕ ಬಂದಾಕಿ,
ಮಣ್ಣಾಗ ಬೆರಳು ಊರಿ ನೋಡಿ ಬೈದಳು:
"ಮಲಗಿದವರ ಬಾಯಾಗ ನೀರ ಹೊಯ್ತಾರೇನ ತಂಗಿ?
ಮಲಗಲಿ ಬಿಡು."

ಸಂಕ್ರಾಂತಿ ಹಿಂದಿನ ಮಂಗಳವಾರ ನಮಗ ಜಗಳಾತು.
ಯಾಕಂತ ನೆನಪಿಲ್ಲ.
ಸುಳ್ಳು. ನೆನಪದ. ಹೇಳಂಗಿಲ್ಲ.
ಹತ್ತಕ್ಕ ಫೋನು. ಒಳಗ ತಂದೀ?
ತಂದೀನಿ, ಅಂದೆ.
ರಜಾಯಿ ಮುಸುಕು ಎಳಕೊಂಡೆ.

ಆರು ಡಿಗ್ರಿ ಇತ್ತಂತ, ಮರುದಿನ ಪೇಪರಿನ್ಯಾಗ.
ಉಳದ ಎಲಿ ಎಲ್ಲಾ ಕುದಿಸಿದ ಪಾಲಕದಂಗ ಜೋತಿದ್ದವು.
ಅವ ಬರೋದರಾಗ ಕಸಾ ಹೊಡದೆ.
ಬಂದ. ಬಕೀಟಿನ ಮುಂದ ನಿಂತ. ಚಾ ಕುಡದ.
ಥಂಡಿ ಭಾಳ ಬಿತ್ತಲ್ಲ, ಅಂದ.
ಅಷ್ಟ. ಬೈದಿದ್ದರ ಚೊಲೋ ಇತ್ತು.

ಅವ ಮಲಗಿದ ಮ್ಯಾಲ ಉಗುರಿಲೆ ಕಡ್ಡಿ ಕೆರದೆ.
ತುದಿಗಿ ಕಂದು.
ಒಂದ ಗೇಣು ಕೆಳಗ, ಕಂದು.
ಮಣ್ಣಿಗಿ ಎರಡು ಬೆರಳು ಮ್ಯಾಲ
ಹಸರು.
ಬುಡ ಬಿಟ್ಟು ಉಳದದ್ದೆಲ್ಲಾ ಕತ್ತರಿಲೆ ಕತ್ತರಿಸಿದೆ.
ಅವಗ ಹೇಳಲಿಲ್ಲ.
ಹಸರದ ಅಂತ ಹೇಳಬೇಕಂದರ
ಹೊರಗ ಬಿಟ್ಟಿದ್ದೆ ಅಂತನೂ ಹೇಳಬೇಕಾಗತದ.

ಆಮ್ಯಾಲ ಫೋನಿನ್ಯಾಗ ಅವ ಆ ಮಾತು ಎತ್ತಲಿಲ್ಲ.
ಉಂಡೀ? ಅಂತಿದ್ದ.
ಉಂಡೀನಿ, ಅಂತ ಫೋನಿಟ್ಟು
ಎರಡು ಬೆರಳಿನ ಮೋಟು ಕಡ್ಡಿ
ದಿನಾ ಒಳಗ ತರತಿದ್ದೆ.

ಶಿವರಾತ್ರಿಗಿ ಚಳಿ ಶಿವಶಿವಾ ಅಂತ ಹೋತು.
ಉಗಾದಿಗಿ ಕಣ್ಣೊಡೀತು.
ಬಿಸಲಾಗ ನಾವೆಲ್ಲಾ ಬಾಡಿದೆವು, ಅದು ಹಿಗ್ಗಿತು.
ಕಾರಹುಣ್ಣಿವಿ ಮುಂದ ಮೊಗ್ಗಿ.

ಅರಳಿದ ದಿನ ಅವ ಕುಮಟಾದಾಗ.
ನಾನಾ ಫೋನ್ ಮಾಡಿದೆ. ಅರಳ್ಯಾದ, ಅಂದೆ.
ಆ ಕಡಿ ಮಳಿ ಸಪ್ಪಳ, ಯಾರೋ ಸೀಟಿ ಹೊಡದರು.
ಯಾವ ಬಣ್ಣ?
ಬಂದ್ ನೋಡು, ಅಂದೆ.

ಅವ ಬರೂದು ನಾಳಿ ಸಂಜಿಗಿ.
ಇದು ಇವತ್ತ ಸಂಜಿಗೇ ಮುದುಡತದ. ನನಗ ಗೊತ್ತಿತ್ತು.
ಬಕೀಟಿನ ಆ ಮಗ್ಗಲ ಇನ್ನೊಂದು ಮೊಗ್ಗಿ ಅದ.
ಅದು ಅರಳೋದರಾಗ ಹೇಳತೀನಿ,
ಆ ಮಂಗಳವಾರದ್ದು.