ಗುರುವಾರದ ಸರದಿ

ಎದ್ದೇಳು, ಮಫ್ತುನಾ. ಗಂಟೆ ಒಂದೂಕಾಲು.
ನೀರಗಂಟಿ ಎರ್ಗಶ್ ಆಗಲೇ ಕೆಮ್ಮುತ್ತ ಹೋದ;
ಅವನ ಕೆಮ್ಮೇ ನಮ್ಮ ಬೀದಿಯ ಗಡಿಯಾರ.
ಚಪ್ಪಲಿ ಬೇಡ, ಬರಿಗಾಲಲ್ಲಿ ಬಾ.
ನೀರು ಎಲ್ಲಿಯವರೆಗೆ ಬಂತೆಂದು
ಮೊದಲು ತಿಳಿಯುವುದು ಅಂಗಾಲಿಗೆ.

ತಾಷ್ಕೆಂಟಿನ ನಾಲ್ಕನೇ ಮಹಡಿಯಲ್ಲಿ ಬೆಳೆದವಳು ನೀನು.
ಅಲ್ಲಿ ನಲ್ಲಿ ತಿರುಗಿಸಿದರೆ ನೀರು.
ಮರ್ಗಿಲಾನಿನಲ್ಲಿ ಅದು ನೆಂಟರ ಹಾಗೆ:
ಹೇಳಿದ ಹೊತ್ತಿಗೆ ಬರುವುದಿಲ್ಲ,
ಬಂದಾಗ ನಾವು ಮಲಗಿರಬಾರದು.

ಮದುವೆಯಾಗಿ ಬಂದ ಮೂರನೇ ದಿನ
ನಡುಮಧ್ಯಾಹ್ನ ಬಿಂದಿಗೆ ಹಿಡಿದು
ಟೊಮೆಟೊ ಎಲೆಗೆ ನೀನು ತಲೆಸ್ನಾನ ಮಾಡಿಸಿದ್ದು
ಕಿಟಕಿಯಿಂದ ಕಂಡೆ. ಏನೂ ಅನ್ನಲಿಲ್ಲ.
ನಿನ್ನ ಗಂಡನಿಗೆ ಅಂದೆ, ಅದು ಬೇರೆ ಮಾತು.
ಎಲೆಗಲ್ಲ, ಬುಡಕ್ಕೆ ಎರೆಯಬೇಕು, ಮಗಳೇ.
ಬಿಸಿಲಲ್ಲಿ ಎರೆದದ್ದನ್ನು ಬಿಸಿಲೇ ಕುಡಿಯುತ್ತದೆ.

ಇಕೋ, ಮಣ್ಣಿನೊಳಗೆ ಬೆರಳು ಇಳಿಸು,
ಎರಡು ಗೆಣ್ಣಿನವರೆಗೆ. ಉಗುರಿನ ಚಿಂತೆ ಬೇಡ.
ತಂಪು ತಾಗಿತೇ? ಹಾಗಾದರೆ ಈ ಪಾತಿ ಬಿಡು,
ಮೇಲೆ ಬಿರಿದಿದೆಯೆಂದು ಮರುಳಾಗಬೇಡ.
ಮೆಣಸಿನ ಗಿಡ ಮಧ್ಯಾಹ್ನ ತಲೆ ಬಾಗಿಸಿ ನಾಟಕವಾಡುತ್ತದೆ.
ಸಂಜೆ ನೋಡು. ಸಂಜೆಯೂ ಬಾಗಿಯೇ ಇದ್ದರೆ
ಆಗ ನಂಬು.

ಬಂತು.
ಕೇಳಿಸಿತೇ, ಒಣ ಎಲೆ ತಳ್ಳಿಕೊಂಡು ಬರುವ ಸದ್ದು?
ನೀರಿಗಿಂತ ಮುಂದೆ ಕಸ: ಸಿಗರೇಟಿನ ತುಂಡು, ಏಪ್ರಿಕಾಟ್ ಓಟೆ,
ಮೇಲುಮನೆಯ ಕೂಸಿನ ರಬ್ಬರ್ ಚಪ್ಪಲಿ ಒಂದು.
ಎತ್ತಿಡು, ಬೆಳಿಗ್ಗೆ ಕೇಳಿಕೊಂಡು ಬರುತ್ತಾರೆ.
ಗುದ್ದಲಿಯಿಂದ ಈ ಹೆಂಟೆ ಸರಿಸು. ಅಷ್ಟೇ. ಸಾಕು, ಸಾಕು!
ಬಾಯಿ ಅಗಲವಾದರೆ ನೀರು ಓಡುತ್ತದೆ,
ಓಡಿದ ನೀರು ಇಂಗುವುದಿಲ್ಲ.
ಮೊದಲು ದ್ರಾಕ್ಷಿಗೆ. ಅದರ ಬೇರು ಆಳ,
ತಿಂಗಳಿಗೆ ಎರಡು ಸಲ ಹೊಟ್ಟೆತುಂಬ ಕೊಟ್ಟರೆ ಆಯಿತು.
ಆಮೇಲೆ ಬದನೆ, ಟೊಮೆಟೊ; ಹಣ್ಣು ಬಣ್ಣ ತಿರುಗಿದ ಮೇಲೆ ಕಮ್ಮಿ,
ಇಲ್ಲದಿದ್ದರೆ ಸೀಳಿಕೊಳ್ಳುತ್ತದೆ.
ಬಾಗಿಲ ಬಳಿಯ ಕಾಮಕಸ್ತೂರಿಗೆ
ಬಟ್ಟಲು ತೊಳೆದ ನೀರೂ ಆದೀತು, ಚಹಾದ ಚರಟ ಸೇರಿ.

ಈಗ ಇಲ್ಲಿ ಬಾ. ದನಿ ತಗ್ಗಿಸು.
ಗೋಡೆಯ ಬುಡದಲ್ಲಿ ತೂತು ಕಾಣಿಸಿತೇ?
ಟಾರ್ಚು ಹಾಕಬೇಡ!
ಇಲಿ ಕೊರೆದದ್ದೆಂದು ನಿನ್ನ ಮಾವ
ಸಾಯುವ ತನಕ ನಂಬಿದ್ದರು,
ಎರಡು ಸಲ ಮಣ್ಣು ಮೆತ್ತಿದ್ದರು.
ಎರಡು ಸಲವೂ ಇಲಿ ನಾನೇ.

ಆಚೆ ಶರಾಫತ್‌ಳ ಮನೆ. ಹನ್ನೊಂದು ವರ್ಷ ಮಾತಿಲ್ಲ.
ಕಾರಣ? ನೀರೇ, ಮತ್ತೇನು.
ನಲವತ್ತು ದಿನದ ಕಡುಬೇಸಗೆಯಲ್ಲಿ, ನನ್ನ ಸರದಿಯ ರಾತ್ರಿ
ಹೆಂಟೆ ತಿರುಗಿಸಿಕೊಂಡಳು. ನನ್ನ ಸೌತೆ ಸುಟ್ಟುಹೋಯಿತು.
ಬೀದಿಯಲ್ಲಿ ನಿಂತು ಏನೇನೋ ಅಂದೆ,
ಅವಳ ತಾಯಿಯ ಹೆಸರನ್ನೂ ಎಳೆದೆ.
ಆ ತಾಯಿ ಕೋಕಂದಿನ ಆಸ್ಪತ್ರೆಯಲ್ಲಿದ್ದಳಂತೆ;
ಇವಳು ಮೊದಲ ಬಸ್ಸು ಹಿಡಿಯಬೇಕಿತ್ತಂತೆ,
ತನ್ನ ಸರದಿಗೆ ಕಾಯುವ ಹಾಗಿರಲಿಲ್ಲವಂತೆ.
ನನಗೆ ತಿಳಿದದ್ದು ನಲವತ್ತರ ಶೋಕ ಮುಗಿದ ಮೇಲೆ.

ಈಗ ಅವಳ ಮಂಡಿ ಬಾತಿದೆ. ಕೆಲವು ರಾತ್ರಿ
ಸರದಿ ಬಂದರೂ ದೀಪ ಹೊತ್ತುವುದಿಲ್ಲ.
ಗೋಡೆಗೆ ಒರಗಿ ಒಂದು ಬೆಹಿ ಮರವಿದೆ,
ಅವಳ ತಾಯಿ ನೆಟ್ಟದ್ದು.
ನಮ್ಮ ಪಾಲಿನ ಕಡೆಯ ಕಾಲುಗಂಟೆ
ಈ ತೂತಿನ ಪಕ್ಕಕ್ಕೆ ಹೆಂಟೆ ಇಡು.
ಮಿಕ್ಕದ್ದು ನೀರೇ ನೋಡಿಕೊಳ್ಳುತ್ತದೆ.

ಅವಳಿಗೆ ಗೊತ್ತೇ ಎಂದು ನನ್ನನ್ನು ಕೇಳಬೇಡ.
ಗೋಡೆ ದಾಟಿದ ಕೊಂಬೆಯನ್ನು ಅವಳು ಕಡಿಸಿಲ್ಲ;
ಅದರ ಹಣ್ಣಿನಿಂದ ನಾನು ಮುರಬ್ಬ ಮಾಡುತ್ತೇನೆ.
ಅಷ್ಟೇ ಗೊತ್ತು.
ರಾಜಿ ಮಾಡಿಸಲು ಹೋದೀಯೆ, ಜೋಕೆ;
ಇಲಿ ಎಂದೇ ಸಾಧಿಸುತ್ತೇನೆ.

ಎರ್ಗಶ್ ಕೆಮ್ಮಿದ. ಮುಗಿಯಿತು ನಮ್ಮದು.
ಬಾಯಿ ಮುಚ್ಚಿ ಕಾಲಿನಿಂದ ಮೆಟ್ಟು.
ಗುದ್ದಲಿ ತೊಳೆದು ತಲೆಕೆಳಗಾಗಿ ನಿಲ್ಲಿಸು.
ಹಾಗೇ ಒಳಗೆ ಬರಬೇಡ, ಜಮಖಾನ ಕೆಸರಾಗುತ್ತದೆ;
ಹೊಸಿಲ ಮೇಲೆ ಕೂತು ಕಾಲು ಒಣಗಿಸಿಕೋ.

ಮುಂದಿನ ಗುರುವಾರ ನನ್ನನ್ನು ಎಬ್ಬಿಸಬೇಡ.
ಎಬ್ಬಿಸದಿದ್ದರೂ ಎದ್ದಿರುತ್ತೇನೆ,
ಅದು ಬೇರೆ ಮಾತು.